ಬಸುರಿ ಎಲ್ಲಿ?

ಗುಂಡ್ಲುಪೇಟೆಯ ಮನೆಯಲ್ಲಿ ಒಂದು ಭಾನುವಾರ ಟೋನಿ ಕೇ ನಿರ್ದೇಶನದ ‘ಲೇಕ್ ಆಫ್ ಫೈರ್’ ಹಾಕಿಕೊಂಡು ಕೂತಿದ್ದೆ. 2006ರ ಸಾಕ್ಷ್ಯಚಿತ್ರ, 152 ನಿಮಿಷ, ಪೂರ್ತಿ ಕಪ್ಪು ಬಿಳುಪು. ವಸ್ತು, ಅಮೆರಿಕದ ಗರ್ಭಪಾತದ ಜಗಳ. ಅರ್ಧ ಗಂಟೆ ನೋಡಿದ ಅತ್ತಿಗೆ ಎದ್ದು ಹೋಗುತ್ತ ಕೇಳಿದರು: “ಬರೀ ಗಂಡಸ್ರೇ ಮಾತಾಡ್ತಾವ್ರಲ್ಲ, ಬಸುರಿ ಎಲ್ಲವ್ಳೆ?”

ಹೆಂಗಸರೂ ಇದ್ದಾರೆ, ಆದರೆ ಹೆಚ್ಚಿನವರು ವಾದಿಸುವವರೇ. ಅತ್ತಿಗೆ ಹೇಳಿದ್ದು ತಪ್ಪಲ್ಲ.

ಹಾಗೆಂದು ಚಿತ್ರದ ಪ್ರಾಮಾಣಿಕತೆಯನ್ನು ಅನುಮಾನಿಸುವಂತಿಲ್ಲ. ಕೇ ಸ್ವಂತ ಹಣ ಸುರಿದು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಇದರ ಬೆನ್ನು ಹತ್ತಿದವರು. ತಟ್ಟೆಯಲ್ಲಿಟ್ಟ ಭ್ರೂಣದ ಅಂಗಗಳನ್ನು ವೈದ್ಯರು ಪರೀಕ್ಷಿಸುವುದನ್ನೂ ಅವರ ಕ್ಯಾಮೆರಾ ಮರೆಮಾಚುವುದಿಲ್ಲ. ಭ್ರೂಣದ ಜೀವ ಉಳಿಸಬೇಕೆಂದು ಚಿತ್ರದಲ್ಲಿ ವಾದ ಹೂಡುವ ಪಾಲ್ ಹಿಲ್ 1994ರಲ್ಲಿ ಫ್ಲಾರಿಡಾದಲ್ಲಿ ವೈದ್ಯರೊಬ್ಬರನ್ನು ಗುಂಡಿಕ್ಕಿ ಕೊಂದ. ಅಮೆರಿಕದಲ್ಲಿ ಗರ್ಭಪಾತವನ್ನು ಹಕ್ಕೆಂದು ಒಪ್ಪಿದ 1973ರ ತೀರ್ಪಿನ ‘ಜೇನ್ ರೋ’ ಆಗಿದ್ದ ನಾರ್ಮಾ ಮೆಕಾರ್ವಿ ಎದುರು ಪಾಳೆಯಕ್ಕೆ ಹೋದದ್ದೂ ಇಲ್ಲಿದೆ.

ಆದರೆ ಪರ, ವಿರೋಧ ಎಂಬ ಎರಡೇ ಬದಿಯ ಲೆಕ್ಕ ನಮ್ಮ ಕಡೆ ಕೂಡಿಬರುವುದಿಲ್ಲ. ನಮ್ಮಲ್ಲಿ 1971ರಿಂದ ಕಾನೂನಿದೆ. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ, ಇಬ್ಬರು ವೈದ್ಯರು ಒಪ್ಪಿದರೆ. ಹದಿನೆಂಟು ತುಂಬಿದವಳು ತಾನೇ ಒಪ್ಪಿಗೆ ಕೊಟ್ಟರಾಯಿತು, ಗಂಡನ ಸಹಿ ಬೇಕಿಲ್ಲ. (ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರಿಗೆ ಇದನ್ನು ಹೇಳಿ ನೋಡಿ, ಎಷ್ಟು ಜನ ನಂಬುತ್ತಾರೋ.) ಆದರೂ ತೆಗೆಸಬೇಕೋ ಬೇಡವೋ ಎಂಬ ಮಾತು ಅತ್ತೆ, ಗಂಡ, ಹಿರಿಯರ ನಡುವೆಯೇ ಮುಗಿದುಹೋಗುವುದುಂಟು. 2023ರಲ್ಲಿ ಪಕ್ಕದ ಮಂಡ್ಯದ ಆಲೆಮನೆಯೊಂದರಲ್ಲಿ ಕದ್ದು ಸ್ಕ್ಯಾನಿಂಗ್ ಮಾಡಿ ಹೆಣ್ಣೋ ಗಂಡೋ ಹೇಳುತ್ತಿದ್ದ ಜಾಲ ಸಿಕ್ಕಿಬಿತ್ತು. ಮನೆಯವರ ಮಾತಿಗೆ ಕಟ್ಟುಬಿದ್ದು ಅಂಥ ಕಡೆ ಹೋಗುವವಳನ್ನು ಕೇ ಯಾವ ಬದಿಗೆ ಕೂರಿಸುತ್ತಿದ್ದರು? ಆಯ್ಕೆಯ ಪರ ಎನ್ನೋಣವೆಂದರೆ ಆಯ್ಕೆ ಅವಳದಲ್ಲ.

ಚಿತ್ರದ ಕೊನೆಗೆ ಅಂತೂ ಅತ್ತಿಗೆ ಕೇಳಿದ ಬಸುರಿ ಬರುತ್ತಾಳೆ. ಕ್ಲಿನಿಕ್ಕಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರಿಸುತ್ತಾಳೆ, ತೆಗೆಸಿಕೊಳ್ಳುತ್ತಾಳೆ. ಸರಿಯಾದದ್ದನ್ನೇ ಮಾಡಿದೆ ಎನ್ನುತ್ತಲೇ ಅತ್ತುಬಿಡುತ್ತಾಳೆ. ಎರಡು ಗಂಟೆಯ ವಾದ ಮುಟ್ಟದ ಜಾಗ ಅದು. ನೋಡುವವರು ಮೊದಲು ಆ ಭಾಗ ನೋಡಿ, ಮಿಕ್ಕದ್ದು ಆಮೇಲೆ.