ಹಿಮವನ್ನು ಕಿವಿಯಲ್ಲಿ ಕೇಳಿ: ಗುಲ್ಮಾರ್ಗ್ ಆದರೂ, ಔಲಿ ಆದರೂ

ನವೆಂಬರ್ ಬಂತೆಂದರೆ ಯಾರಾದರೂ ಒಬ್ಬರು ಕೇಳುತ್ತಾರೆ: ಸ್ಕೀಯಿಂಗ್‌ಗೆ ಗುಲ್ಮಾರ್ಗ್ ಒಳ್ಳೆಯದೋ, ಔಲಿಯೋ? ನಾನು ಬಾಯಿ ತೆರೆಯುವುದರೊಳಗೆ ಮುಂದಿನ ಪ್ರಶ್ನೆಗಳು. ರೂಮಿನಲ್ಲಿ ಹೀಟರ್ ಇದೆಯಾ, ಕಿಟಕಿಯಿಂದ ಬೆಟ್ಟ ಕಾಣುತ್ತದಾ, ವೆಜ್ ಊಟ ಸಿಗುತ್ತದಾ. ಹಿಮ ಹೇಗಿದೆ ಎಂದು ಕೇಳಿದವರನ್ನು ನಾನು ಕಾಣೆ. ಸಂಗೀತ ಕಛೇರಿಗೆ ಹೋಗಿ ಕ್ಯಾಂಟೀನಿನ ಬೋಂಡಾ ಹೊಗಳಿಕೊಂಡು ಬರುವವರ ಪೈಕಿ ಇವರು.

ಬಾಡಿಗೆ ಓವರ್‌ಕೋಟು, ಗಮ್‌ಬೂಟು, ಸ್ಲೆಡ್ಜ್ ಮೇಲೆ ಕೂತು ಬಡಪಾಯಿಯೊಬ್ಬನಿಂದ ಎಳೆಸಿಕೊಳ್ಳುವುದು, ಎರಡು ಹಿಡಿ ಹಿಮ ಎರಚಿ ರೀಲ್ಸ್ ಮಾಡುವುದು, ಆಮೇಲೆ ಮ್ಯಾಗಿ. ಇಷ್ಟೇ ಸಾಕೆನ್ನುವವರು ಯಾವುದಕ್ಕಾದರೂ ಹೋಗಲಿ, ಅವರಿಗಾಗಿ ಇದನ್ನು ಬರೆಯುತ್ತಿಲ್ಲ.

ಕಣ್ಣಿಗೆ ಎಲ್ಲ ಹಿಮವೂ ಬಿಳಿ. ಅದರ ಗುಣ ತಿಳಿಯಬೇಕಾದರೆ ಕಿವಿಗೊಡಬೇಕು. ನನಗೆ ಇದನ್ನು ಕಲಿಸಿದವರು ಗುಲ್ಮಾರ್ಗಿನ ಬಳಿಯ ಟಂಗ್‌ಮರ್ಗ್ ಕಡೆಯ ಒಬ್ಬ ಹಿರಿಯ ಸ್ಕೀ ಗುರು. ಗೊಂಡೋಲ ಕೇಬಲ್‌ಕಾರಿನಿಂದ ಇಳಿದು ಸುತ್ತಲಿನ ಶಿಖರಗಳನ್ನು ನೋಡುತ್ತ ಮೈಮರೆತಿದ್ದ ನನಗೆ ಅವರು, ‘ಬೆಟ್ಟ ಎಲ್ಲಿಗೂ ಓಡಿಹೋಗಲ್ಲ ಸಾಹೇಬ್, ಕಣ್ಣು ಮುಚ್ಚಿ’ ಎಂದರು. ಮುಚ್ಚಿದೆ. ಅವರ ಶಿಷ್ಯರು ಒಬ್ಬೊಬ್ಬರಾಗಿ ಪಕ್ಕದಲ್ಲೇ ಇಳಿದುಹೋದರು. ಒಬ್ಬನದು ಗರಗರ, ಇನ್ನೊಬ್ಬನದು ಸರ್ರನೆ, ಮೂರನೆಯವನು ಹೋದದ್ದೇ ಗೊತ್ತಾಗಲಿಲ್ಲ. ಕಣ್ಣು ಬಿಟ್ಟರೆ ಮೂವರೂ ಇಳಿದದ್ದು ಒಂದೇ ಇಳಿಜಾರಿನಲ್ಲಿ, ಕೆಲವೇ ಮಾರು ಆಚೀಚೆ. ಆವತ್ತಿನಿಂದ ನಾನು ಹಿಮ ನೋಡುವುದನ್ನು ಬಿಟ್ಟು ಕೇಳತೊಡಗಿದೆ.

ರಾತ್ರಿ ಬಿದ್ದ ಒಣಹಿಮ, ಬಲ್ಲವರು ಪೌಡರ್ ಎನ್ನುವುದು, ಬಹುಪಾಲು ಬರೀ ಗಾಳಿಯೇ. ಅದರಲ್ಲಿ ಸ್ಕೀ ಮುಳುಗಿ ಇಳಿಯುವಾಗ ಸದ್ದೇ ಇಲ್ಲವೆನ್ನಬೇಕು. ಕೊರೆಯುವ ಚಳಿಯಲ್ಲಿ ಬೂಟಿನಡಿ ಕಿರಕಿರ ಎಂದರೆ ಹರಳುಗಳು ಇನ್ನೂ ಒಣಗಿವೆ, ತಂತಮ್ಮಲ್ಲೇ ಉಜ್ಜಿ ಮುರಿಯುತ್ತಿವೆ ಎಂದು ತಿಳಿಯಿರಿ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಸ್ಕೀಯ ಅಂಚಿಗೆ ಗರಗರ ಎನ್ನುತ್ತದೆ. ಹತ್ತು ಗಂಟೆಯ ಬಿಸಿಲಿಗೆ ಮೇಲ್ಪದರ ಒಂದಿಷ್ಟು ಸಡಿಲವಾದಾಗ ಅದೇ ಹಿಮ ಸರ್ರನೆ ಹರಿಯುತ್ತದೆ, ಮಧ್ಯಾಹ್ನಕ್ಕೆ ಪಚಪಚ. ಗಾಳಿ ತಂದು ಒಟ್ಟಿದ ಹಿಮದ ಮೇಲೆ ಕಾಲಿಟ್ಟಾಗ ದಬ್ ಎಂಬ ಟೊಳ್ಳು ಸದ್ದು ಕೇಳಿಸಿತೋ, ರಸಿಕತೆ ಅಲ್ಲಿಗೆ ಸಾಕು, ವಾಪಸಾಗಿ. ಗಟ್ಟಿ ಪದರದ ಅಡಿಯ ಸಡಿಲ ಪದರ ಕುಸಿದ ಸದ್ದು ಅದು. ಹಿಮಪ್ರಪಾತದ ಅತಿ ಸ್ಪಷ್ಟ ಮುನ್ಸೂಚನೆಗಳಲ್ಲೊಂದು.

ಈಗ ಎರಡೂ ಊರುಗಳನ್ನು ಇದೇ ಕಿವಿಯಿಂದ ಅಳೆಯೋಣ. ಮೆಡಿಟರೇನಿಯನ್ ಕಡೆಯಿಂದ ಬರುವ ಚಳಿಗಾಲದ ಮೋಡಗಳಿಗೆ ಗುಲ್ಮಾರ್ಗ್ ಇರುವ ಪೀರ್ ಪಂಜಾಲ್ ಮೊದಲು ಸಿಗುತ್ತದೆ. ಔಲಿ ಇರುವ ಗಡ್ವಾಲಕ್ಕೆ ಸಾಮಾನ್ಯವಾಗಿ ಅಳಿದುಳಿದದ್ದು. ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲದ ಮೊದಲ ಹಂತ ಕೊಂಗ್‌ಡೂರಿಗೆ, ಎರಡನೆಯದು ಅಫರ್ವಟ್ ಬೆಟ್ಟದ ಮೇಲೆ ಹೆಚ್ಚುಕಡಿಮೆ 3,950 ಮೀಟರಿಗೆ ಮುಟ್ಟಿಸುತ್ತದೆ. ಅಲ್ಲಿಂದ ಊರಿನವರೆಗೆ ಸುಮಾರು 1,300 ಮೀಟರಿನ ಇಳಿತ. ಮೇಲ್ಭಾಗದಲ್ಲಿ ಯಂತ್ರ ಓಡಿಸಿ ಹದ ಮಾಡಿದ ದಾರಿಯಿಲ್ಲ, ಹಿಮ ಬಿದ್ದ ಹಾಗೇ ಇರುತ್ತದೆ. ಈಶಾನ್ಯಕ್ಕೆ ಮುಖ ಮಾಡಿದ ಇಳಿಜಾರಾದ್ದರಿಂದ ನೆರಳಿನ ಹಿಮ ಬೇಗ ಕೆಡುವುದಿಲ್ಲ. ಒಂದೇ ಇಳಿತದಲ್ಲಿ ತುದಿಯ ಗಾಳಿಪದರ, ನಡುವಿನ ಪೌಡರ್, ಕೆಳಗೆ ಮರಗಳ ಸಂದಿನ ಸಡಿಲ ಹಿಮ ಎಲ್ಲವೂ ಸಿಗುತ್ತವೆ. ದೊಡ್ಡ ಹಿಮಪಾತದ ಮರುದಿನ ಗೊಂಡೋಲದ ಬಾಗಿಲು ತೆರೆಯುವುದನ್ನೇ ಕಾದಿದ್ದ ಊರಿನ ಹುಡುಗರು ಅಲ್ಲಿ ಇಳಿದದ್ದನ್ನು ನೋಡಿದ್ದೇನೆ. ಸೊಂಟದವರೆಗೂ ಹಿಮ, ಹುಡುಗರ ನಗು ಬಿಟ್ಟರೆ ಇನ್ನೇನೂ ಕೇಳಿಸುತ್ತಿರಲಿಲ್ಲ. ಆದರೆ ಗಸ್ತಿನವರು ಹಾಕಿದ ಹಗ್ಗದಾಚೆ ಕಾಲಿಡಬೇಡಿ. 2024ರ ಫೆಬ್ರವರಿಯ ಹಿಮಪ್ರಪಾತದಲ್ಲಿ ರಷ್ಯಾದ ಸ್ಕೀಯರ್ ಒಬ್ಬರು ಸತ್ತದ್ದು ಇದೇ ಬೆಟ್ಟದಲ್ಲಿ.

ಔಲಿಯ ಇಳಿಜಾರು ಉತ್ತರಕ್ಕೆ, ಜೋಶಿಮಠದ ಕಡೆಗೆ. ಶೃಂಗೇರಿಯಂತೆ ಶಂಕರರ ಆಮ್ನಾಯ ಪೀಠಗಳಲ್ಲೊಂದು ಇರುವ ಊರದು, ನಮ್ಮವರು ಬದರಿ ಯಾತ್ರೆಯಲ್ಲಿ ಕಂಡಿರುತ್ತಾರೆ. ಸ್ಕೀಯಿಂಗ್ ನಡೆಯುವುದು ಸುಮಾರು 2,500ರಿಂದ 3,050 ಮೀಟರಿನೊಳಗೆ. ಗುಲ್ಮಾರ್ಗಿನ ಅರ್ಧ ಇಳಿತವೂ ಇಲ್ಲ, ಹಿಮ ಬೇಗ ಒದ್ದೆಯಾಗುತ್ತದೆ. ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀಯಿಂಗ್ ಸ್ಪರ್ಧೆಗಳು ನಡೆದದ್ದು ಇಲ್ಲೇ, 2011ರಲ್ಲಿ. ಕೃತಕ ಹಿಮ ಮಾಡುವುದಕ್ಕೆಂದು ಕಟ್ಟಿದ ಕೆರೆಯೂ ಇದೆ, ಆದರೆ ಯಂತ್ರದ ಹಿಮ ಕಿವಿಗೆ ಬರೀ ಜಲ್ಲಿ. 7,816 ಮೀಟರಿನ ನಂದಾದೇವಿ ಎದುರಿಗೇ ನಿಂತು ಗಮನ ಕೆಡಿಸುತ್ತಾಳೆ. ಫೋಟೊ ಗಿರಾಕಿಗಳಿಗೆ ಅಷ್ಟೇ ಸಾಕು.

ಇಷ್ಟೆಲ್ಲ ಹೇಳಿಯೂ, ಸ್ಕೀ ಕಟ್ಟಿ ಗೊತ್ತಿಲ್ಲದವರನ್ನು ನಾನು ಔಲಿಗೇ ಕಳಿಸುವುದು. ಅಲ್ಲಿ ಮುಖ್ಯವಾಗಿ ಒಂದೇ ಇಳಿಜಾರು, ಅದೂ ಹದ ಮಾಡಿದ್ದು. ಬೆಳಿಗ್ಗೆಯಿಂದ ಸಂಜೆವರೆಗೆ ಅದನ್ನೇ ಹತ್ತಿ ಇಳಿಯುತ್ತಿದ್ದರೆ ಗರಗರ ಸರ್ರನೆಯಾಗಿ, ಸರ್ರನೆ ಪಚಪಚವಾಗುವ ಗಳಿಗೆ ಕಿವಿಗೆ ಸಿಕ್ಕೇ ಸಿಗುತ್ತದೆ. ಗುಲ್ಮಾರ್ಗಿನಲ್ಲಿ ಹೊಸಬರಿಗೆ ಗಾಲ್ಫ್ ಮೈದಾನದ ಪಕ್ಕದ ದಿಬ್ಬಗಳಿವೆ, ಆದರೆ ಅಲ್ಲಿ ಸ್ಲೆಡ್ಜ್‌ನವರ ಗದ್ದಲದಲ್ಲಿ ನಿಮ್ಮ ಸ್ಕೀಯ ಸದ್ದು ನಿಮಗೇ ಕೇಳಿಸದು. ಕಿವಿ ಹದವಾದ ಮೇಲೆ ಅಫರ್ವಟ್‌ಗೆ ಹೋಗಿ. ಇದೆಲ್ಲ ಇಳಿಜಾರಿನ ಮಾತಾಯಿತು, ಸಮತಟ್ಟಿನಲ್ಲಿ ಉಸಿರುಗಟ್ಟಿ ಸಾಗುವ ಕ್ರಾಸ್‌ಕಂಟ್ರಿ ಬೇರೆಯೇ ಕಲೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದದ್ದು ಅದರಲ್ಲಿ. ಅದರ ಬಗ್ಗೆ ಹೇಳಲು ನಾನು ಯೋಗ್ಯನಲ್ಲ.

ಕ್ರಿಸ್‌ಮಸ್ ರಜೆಗೆ ಟಿಕೆಟ್ ಮಾಡಿಸಬೇಡಿ. 2024ರ ಜನವರಿ ಬಹುಪಾಲು ಗುಲ್ಮಾರ್ಗೇ ಬೋಳಾಗಿತ್ತು. ಮರುವರ್ಷ ಹಿಮವಿಲ್ಲದೆ ಖೇಲೋ ಇಂಡಿಯಾ ಕೂಟವನ್ನು ಫೆಬ್ರವರಿಯಿಂದ ಮಾರ್ಚಿಗೆ ತಳ್ಳಿದರು. ಫೆಬ್ರವರಿಯನ್ನು ಇಟ್ಟುಕೊಳ್ಳಿ, ಮುಂದೆ ಎರಡು ದಿನ ಖಾಲಿ ಬಿಡಿ, ಹಿಮ ಬಿದ್ದ ದಿನ ಶ್ರೀನಗರದ ವಿಮಾನವೂ ಹಾರದೆ ನಿಲ್ಲಬಹುದು. ಜೋಶಿಮಠದಿಂದ ಔಲಿಗೆ ಹೋಗುವ ರೋಪ್‌ವೇ 2023ರ ಜನವರಿಯಲ್ಲಿ ಊರು ಕುಸಿಯತೊಡಗಿದಾಗ ನಿಂತಿತು, ಆದ್ದರಿಂದ ರಸ್ತೆಯ ಲೆಕ್ಕದಲ್ಲೇ ಹೊರಡಿ. ಹೀಟರ್ ಎರಡೂ ಕಡೆ ಇದೆ.