ಬಾಳಿಕೆಯ ಬೆಲೆ: ಎರಡು ಒನ್ ಟೌನುಗಳ ಪಾತ್ರೆ ಅಂಗಡಿಗಳು

ಕಾದಂಬರಿಗೆ, ಕಚೇರಿಗೆ, ನಾಟಕಕ್ಕೆ ವಿಮರ್ಶೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ದಿನಕ್ಕೆ ನಾಲ್ಕು ಸಲ ಕೈಗೆತ್ತಿಕೊಳ್ಳುವ ದೋಸೆ ಹೆಂಚು, ಈಳಿಗೆಮಣೆ, ಕಾಫಿ ಫಿಲ್ಟರುಗಳಿಗೆ ಆ ಮರ್ಯಾದೆ ಸಿಕ್ಕಿದ್ದು ಕಡಮೆ. ಊರು ಬಿಟ್ಟು ಬಂದ ನಮ್ಮಂಥವರ ಪತ್ರಿಕೆಗಳಲ್ಲಿ ಇವುಗಳ ಪ್ರಸ್ತಾಪ ಬಂದರೂ ಅದು ಅಜ್ಜಿಯ ಹಿತ್ತಾಳೆ ಕೊಳಗದ ನೆನಪಾಗಿ ಕಣ್ಣೊರೆಸಿಕೊಳ್ಳುವುದರಲ್ಲಿ ಮುಗಿದುಹೋಗುತ್ತದೆ. ನೆನಪಿಗೆ ನಮ್ಮ ಆಕ್ಷೇಪಣೆ ಇಲ್ಲ. ಆದರೆ ವರ್ಗವಾದಾಗಲೆಲ್ಲ ಸಾಮಾನು ಕಟ್ಟಿ ಬಿಚ್ಚುವ ಸಂಸಾರಕ್ಕೆ, ಮಗಳನ್ನು ಪುಣೆಗೋ ಚೆನ್ನೈಗೋ ಕಳಿಸಿ ಹೊಸ ಮನೆ ಹೂಡಿಸುವ ತಾಯಿಗೆ, ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ, ಏಕೆ ಎಂಬ ಲೆಕ್ಕ ಬೇಕು.

ಇಂಥ ಲೆಕ್ಕವನ್ನು ಗಂಭೀರವಾಗಿ ಹಾಕಿದ ಒಂದು ಬರಹವಿದೆ. ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಆಹ್ವಾನದ ಮೇಲೆ ದೇಶ ಸುತ್ತಿ 1958ರಲ್ಲಿ ಒಂದು ವರದಿ ಸಲ್ಲಿಸಿದರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಈ ದೇಶದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳ ಪೈಕಿ ಅತ್ಯುತ್ತಮವೆಂದು ಅವರು ಎತ್ತಿ ಹಿಡಿದದ್ದು ತಾಜಮಹಲನ್ನಲ್ಲ, ನಮ್ಮ ನಿಮ್ಮ ಮನೆಯ ಚೆಂಬನ್ನು. ಎಷ್ಟು ನೀರು ಹಿಡಿಸಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಬಗ್ಗಿಸಿದಾಗ ತೂಕ ಎತ್ತ ವಾಲುತ್ತದೆ, ಕೆಳಗಿಟ್ಟಾಗ ಸದ್ದು ಹಿತವಾಗಿರುತ್ತದೆಯೇ, ಮುರಿದ ಮೇಲೆ ಲೋಹಕ್ಕೆ ಏನು ಬೆಲೆ ಎಂದೆಲ್ಲ ಕೇಳುತ್ತ ಹೋಗುತ್ತಾರೆ. ಗುಜರಿ ಬೆಲೆಯನ್ನೂ ಸೌಂದರ್ಯದ ಪಟ್ಟಿಯಲ್ಲಿ ಸೇರಿಸಿದ ಅವರ ಬುದ್ಧಿಗೆ ತಲೆದೂಗಲೇಬೇಕು. ನಮ್ಮ ಹೆಂಗಸರು ತಲೆತಲಾಂತರದಿಂದ ಕೇಳುತ್ತಿದ್ದುದೂ ಅದನ್ನೇ.

ಆದರೂ ಆ ಪಟ್ಟಿಯಲ್ಲಿ ಎರಡು ಪ್ರಶ್ನೆಗಳು ಬಿಟ್ಟುಹೋಗಿವೆ. ಚೆಂಬಿನ ಬಾಯಿ ತೊಳೆಯಲು ಅನುಕೂಲವೇ ಎಂದು ಕೇಳಿದರು, ಹಿಡಿಯುವ ಕೈ ಗಂಡಸಿನದೋ ಹೆಂಗಸಿನದೋ ಎಂದೂ ಕೇಳಿದರು. ಆ ಕೈ ದಿನಾ ಹುಣಸೆಹಣ್ಣು ಹಚ್ಚಿ ಎಷ್ಟು ಹೊತ್ತು ತಿಕ್ಕಬೇಕು ಎಂದು ಕೇಳಲಿಲ್ಲ. ಎರಡನೆಯದು, ಕೆಟ್ಟರೆ ರಿಪೇರಿ ಮಾಡುವವನು ಎಷ್ಟು ದೂರದಲ್ಲಿದ್ದಾನೆ ಎಂಬುದು. ಈ ಎರಡನ್ನೂ ಸೇರಿಸಿಕೊಂಡು ಅಂಗಡಿಬೀದಿಗೆ ಹೋದರೆ ತೀರ್ಪುಗಳು ಬೇರೆಯಾಗುತ್ತವೆ.

ನಾವು ಆರಿಸಿಕೊಂಡದ್ದು ಒನ್ ಟೌನನ್ನು. ಆಂಧ್ರದಲ್ಲಿ ಈ ಹೆಸರಿನ ಹಳೇ ಪೇಟೆಗಳು ವಿಶಾಖಪಟ್ಟಣದಲ್ಲೊಂದು, ವಿಜಯವಾಡದಲ್ಲೊಂದು ಇವೆ; ಎರಡಕ್ಕೂ ನಡುವೆ ರೈಲಿನಲ್ಲಿ ಸುಮಾರು 350 ಕಿಲೋಮೀಟರು. ವಿಜಯವಾಡದ್ದು ಇಂದ್ರಕೀಲಾದ್ರಿಯ ಬುಡದಲ್ಲಿ, ಕಾಳೇಶ್ವರರಾವ್ ಮಾರ್ಕೆಟ್ಟಿನ ಸುತ್ತಮುತ್ತ, ನಮ್ಮ ಆಲಮಟ್ಟಿ ನಾರಾಯಣಪುರಗಳನ್ನು ದಾಟಿ ಬಂದ ಕೃಷ್ಣೆಯ ಮಗ್ಗುಲಲ್ಲಿದೆ. ವಿಶಾಖಪಟ್ಟಣದ್ದು ಬಂದರಿನ ಪಕ್ಕದಲ್ಲಿ, ಕುರುಪಾಂ ಮಾರ್ಕೆಟ್ಟಿನ ಆಸುಪಾಸಿನಲ್ಲಿದೆ. ಎರಡು ಕಡೆಯೂ ಪಾತ್ರೆ ತೂಕಕ್ಕೆ ಸಿಗುತ್ತದೆ, ಹಿಡಿಗೆ ರಿವೆಟ್ ಹೊಡೆಯುವವನೂ ಸಿಗುತ್ತಾನೆ. ಭಾಷೆಯ ತೊಡಕು ಬಹಳವಿಲ್ಲ. ಈಳಿಗೆಮಣೆ ಇಲ್ಲಿ ಕತ್ತಿಪೀಟ, ಹೆಂಚು ಪೆನಂ, ಒರಳು ರೋಲು. ರಾಗಿ ಚೆಂಬು ಎಂದು ಅಂಗಡಿಯವನು ತೋರಿಸಿದರೆ ಕನ್ನಡಿಗರು ಹಿಟ್ಟು ಅಳೆಯುವುದಕ್ಕೆಂದು ತಿಳಿಯಬಾರದು. ತೆಲುಗಿನಲ್ಲಿ ರಾಗಿ ಎಂದರೆ ತಾಮ್ರವೂ ಹೌದು.

ಎರಡು ಪೇಟೆಗಳ ಹೆಸರು ಒಂದೇ ಆದರೂ ಗಾಳಿ ಬೇರೆ, ಮತ್ತು ಬಾಳಿಕೆಯನ್ನು ಅರ್ಧ ನಿರ್ಧರಿಸುವುದು ಗಾಳಿಯೇ. ಕಬ್ಬಿಣದ ಹೆಂಚನ್ನೇ ತೆಗೆದುಕೊಳ್ಳೋಣ. ಸರಿಯಾಗಿ ಪಳಗಿಸಿದ ಹೆಂಚಿನ ಮೇಲಿನ ಕಪ್ಪು ಹೊಳಪು ಮಸಿಯಲ್ಲ. ಎಣ್ಣೆಯ ತೆಳು ಲೇಪ ಕಾವಿಗೆ ಗಟ್ಟಿಯಾಗಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಕಬ್ಬಿಣಕ್ಕೆ ಅಂಟಿಕೊಂಡ ಪೊರೆ ಅದು. ಹುಳಿ ಹಾಕಿ ಉಜ್ಜಿದರೆ ಹೋಗುತ್ತದೆ, ದೋಸೆ ಹೊಯ್ದಷ್ಟೂ ಬೆಳೆಯುತ್ತದೆ. ಬಳಸಿದಷ್ಟೂ ಉತ್ತಮಗೊಳ್ಳುವ ಸಾಮಾನು ಅಡಿಗೆಮನೆಯಲ್ಲಿ ಇನ್ನೊಂದು ನಮಗೆ ತೋರುವುದಿಲ್ಲ. ವಿಜಯವಾಡದ ಒಣ ಬಿಸಿಲಿನ ದಿನಗಳಲ್ಲಿ ಒರೆಸಿಟ್ಟರೆ ಸಾಕು. ವಿಶಾಖಪಟ್ಟಣದಲ್ಲಿ ಕಡಲಗಾಳಿಯ ಉಪ್ಪು ತೇವವನ್ನು ಹೀರಿ ಹಿಡಿದಿಡುತ್ತದೆ. ರಾತ್ರಿ ಒದ್ದೆಯಾಗಿ ಬಿಟ್ಟ ಹೆಂಚು ಬೆಳಗ್ಗೆ ಕೆಂಪಗಾಗಿರುತ್ತದೆ. ಅಲ್ಲಿ ಒಲೆಯ ಮೇಲೆ ಒಣಗಿಸಿ, ಎಣ್ಣೆಬಟ್ಟೆ ಆಡಿಸಿಯೇ ಮಲಗಬೇಕು. ಅರ್ಧ ನಿಮಿಷದ ಕೆಲಸ. ಹಿತ್ತಾಳೆಯ ಅರ್ಧ ಗಂಟೆಗೆ ಹೋಲಿಸಿದರೆ ಇದು ದಂಡವಲ್ಲ.

ಎರಕದ ಹೆಂಚು ಕೊಳ್ಳಬೇಕೋ, ತಟ್ಟಿದ ತಗಡಿನದೋ? ಹೊಸದಾಗಿ ಹೆಂಚಿನ ಮೋಹ ಹತ್ತಿದವರು ಎರಕದ್ದನ್ನೇ ಹೊಗಳುತ್ತಾರೆ. ಅದು ಕಾವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ನಿಜ. ಆದರೆ ಎರಕದ ಕಬ್ಬಿಣದಲ್ಲಿ ಇಂಗಾಲದ ಅಂಶ ಹೆಚ್ಚು, ಆದ್ದರಿಂದ ಪೆಡಸು. ಸಾಗಾಟದ ಲಾರಿಯಿಂದ ಬಿದ್ದರೆ ಸೀಳುತ್ತದೆ, ಸೀಳಿದ್ದನ್ನು ಬೆಸೆಯುವುದು ಸುಲಭವಲ್ಲ. ತಟ್ಟಿದ್ದು ಬಿದ್ದರೆ ಡೊಂಕಾಗುತ್ತದೆ, ಬಡಿದರೆ ನೆಟ್ಟಗಾಗುತ್ತದೆ. ಸ್ವಂತ ಮನೆಯವರು ಎರಕದ್ದನ್ನು ಕೊಳ್ಳಲಿ, ವರ್ಗಾವಣೆಯ ಸಂಸಾರಕ್ಕೆ ತಟ್ಟಿದ್ದೇ ಮೇಲು. ಬೆಲೆಯೂ ಕಡಮೆ. 600 ರೂಪಾಯಿಯ ಹೆಂಚು 30 ವರ್ಷ ಬಂದರೆ ವರ್ಷಕ್ಕೆ 20 ರೂಪಾಯಿ. ಅಂಟದ ಲೇಪದ ಕಾವಲಿ ಇದೇ ಬೆಲೆಗೆ ಸಿಕ್ಕರೂ ನಮ್ಮ ಮನೆಯಲ್ಲಿ ಮೂರು ವರ್ಷ ದಾಟಿದ್ದಿಲ್ಲ. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ಆ ಟೆಫ್ಲಾನ್ ಅದ್ಭುತ ವಸ್ತುವೇ. ಆದರೆ ಸುಮಾರು 260 ಡಿಗ್ರಿ ದಾಟಿದರೆ ಅದು ಕೆಡತೊಡಗುತ್ತದೆ, ಖಾಲಿ ಕಾವಲಿ ಉರಿಯ ಮೇಲೆ ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಮುಟ್ಟುತ್ತದೆ.

ಸ್ಟೇನ್‌ಲೆಸ್ ಸ್ಟೀಲಿನ ವಿಚಾರ ಇನ್ನೂ ಸೂಕ್ಷ್ಮ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗೆ ಲೋಹ ಹುಡುಕುತ್ತ ತುಕ್ಕುಹಿಡಿಯದ ಉಕ್ಕನ್ನು ಕಂಡ. ಉಕ್ಕಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಗೀರಿದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಪಾತ್ರೆ ಅಂಗಡಿಯವರು ಜೇಬಿನಿಂದ ಆಯಸ್ಕಾಂತ ತೆಗೆದು, ಅಂಟದಿದ್ದರೆ ಅಸಲಿ ಎಂದು ಪ್ರಮಾಣ ಮಾಡುವುದನ್ನು ಓದುಗರು ನೋಡಿರುತ್ತಾರೆ. ಈ ಪರೀಕ್ಷೆಯನ್ನು ನಾವು ಖಂಡಿಸಲೇಬೇಕು. 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುವ 304 ಎಂಬ ಉತ್ತಮ ದರ್ಜೆಗೆ ಆಯಸ್ಕಾಂತ ಅಂಟುವುದಿಲ್ಲ, ಸರಿ. ನಿಕ್ಕಲ್ ಕಡಮೆ ಮಾಡಿ ಮ್ಯಾಂಗನೀಸ್ ಬೆರೆಸಿದ ಅಗ್ಗದ 202ಕ್ಕೂ ಅಂಟುವುದಿಲ್ಲ! 304ರ ಪಾತ್ರೆಯನ್ನೇ ಎಳೆದು ಒತ್ತಿದ ಅಂಚಿನಲ್ಲಿ ಸ್ವಲ್ಪ ಅಂಟುವುದೂ ಉಂಟು. ಕೆಟ್ಟದ್ದನ್ನು ಪಾಸು ಮಾಡಿ ಒಳ್ಳೆಯದನ್ನು ಫೇಲು ಮಾಡಬಲ್ಲ ಪರೀಕ್ಷೆ ಇದು. ವ್ಯತ್ಯಾಸ ಹೊರಬೀಳುವುದು ವಿಶಾಖಪಟ್ಟಣದ ಗಾಳಿಯಲ್ಲಿ. ಉಪ್ಪಿನ ಕ್ಲೋರೈಡು ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಅಗ್ಗದ ಡಬ್ಬಿಯ ತಳದಲ್ಲಿ ಕಂದು ಚುಕ್ಕೆಗಳು ಏಳುತ್ತವೆ. ಉಪ್ಪಿನಕಾಯಿಯನ್ನಂತೂ ಯಾವ ದರ್ಜೆಯ ಸ್ಟೀಲಿನಲ್ಲೂ ಇಡಬಾರದು, ಪಿಂಗಾಣಿ ಭರಣಿ ಇರುವುದೇ ಅದಕ್ಕೆ. ದರ್ಜೆಯ ಅಂಕಿಯನ್ನು ಪಾತ್ರೆಯ ಮೇಲೆ ಒತ್ತಿದ್ದಾರೆಯೇ ನೋಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. (ಊರಿನಲ್ಲೇ ಉಕ್ಕಿನ ಕಾರ್ಖಾನೆಯಿದ್ದರೂ ಅಡಿಗೆಮನೆಯ ಸ್ಟೀಲು ಅಲ್ಲಿಯದಲ್ಲ. ಅಲ್ಲಿ ಆಗುವುದು ಕಟ್ಟಡದ ಕಂಬಿ, ಸರಳು, ತೊಲೆ.)

ಇನ್ನು ಹಿತ್ತಾಳೆ. ಇದರ ಬಗ್ಗೆ ನಮ್ಮ ಮಾತು ಕೆಲವರಿಗೆ ಕಹಿಯಾಗಬಹುದು. ತಾಮ್ರಕ್ಕೆ ಸತು ಬೆರೆಸಿದ ಈ ಲೋಹ ನೂರು ವರ್ಷ ಉಳಿಯುತ್ತದೆ, ಸಂಶಯವಿಲ್ಲ. ಆದರೆ ಹುಳಿ ತಗುಲಿದರೆ ತಾಮ್ರ ಅಡಿಗೆಗೆ ಇಳಿಯುತ್ತದೆ, ಆದ್ದರಿಂದ ಕಲಾಯಿ ಬೇಕು. ನವಸಾಗರದ ಪುಡಿ ಎರಚಿ ಮೈ ಶುದ್ಧಿ ಮಾಡಿ, 232 ಡಿಗ್ರಿಗೆ ಕರಗುವ ತವರವನ್ನು ಅರಳೆಯಿಂದ ಸವರುವ ಆ ಕೆಲಸ ನೋಡಲು ಚೆಂದ. ಆ ತವರದ ಪದರ ಕೆಲವು ತಿಂಗಳಲ್ಲಿ ಸವೆಯುತ್ತದೆ. ತವರದಲ್ಲಿ ಸೀಸ ಬೆರೆಸಿದ್ದರೆ ವಿಷವನ್ನು ಹಣಕೊಟ್ಟು ಬಳಿಸಿಕೊಂಡಂತೆ. ಕಲಾಯಿಯವನು ವಾರಕ್ಕೊಮ್ಮೆ ಬೀದಿಗೆ ಬರುತ್ತಿದ್ದ ಕಾಲದಲ್ಲಿ ಹಿತ್ತಾಳೆ ಬಾಳಿಕೆಯ ಪಾತ್ರೆಯಾಗಿತ್ತು. ಅವನು ಬರುವುದು ನಿಂತ ಬೀದಿಯಲ್ಲಿ ಅದು ಅಟ್ಟದ ಅಲಂಕಾರ. ನಮ್ಮ ಮನೆಯ ಬೋಗುಣಿಗಳಲ್ಲಿ ನೀರು ಕಾಯಿಸುವುದನ್ನುಳಿದು ಬೇರೆ ಕೆಲಸವಿಲ್ಲ. ಒಗ್ಗರಣೆಯ ಸೌಟಿಗೆ, ಚಕ್ಕುಲಿ ಒರಳಿಗೆ ಮಾತ್ರ ಹಿತ್ತಾಳೆಗೆ ಸಮನಿಲ್ಲ. ಎರಡರಲ್ಲೂ ಹುಳಿಗೆ ಪ್ರವೇಶವಿಲ್ಲ, ನೋಡಿ.

ಪ್ಲಾಸ್ಟಿಕ್ ಬಕೀಟಿಗೆ ಈ ಮರ್ಯಾದೆಯೆಲ್ಲ ಬೇಡ. ವಿಜಯವಾಡದ ಬಿಸಿಲುಮಚ್ಚಿನಲ್ಲಿ ಎರಡು ಬೇಸಗೆ ಇಟ್ಟರೆ ನೇರಳಾತೀತ ಕಿರಣ ಅದರ ಅಣುಸರಪಳಿಯನ್ನು ಕಡಿದು, ಹಿಡಿ ಕೈಯಲ್ಲಿ, ಬಕೀಟು ನೆಲದಲ್ಲಿ.

ಬೇಗ ಕೆಡುವಂತೆ ಬೇಕೆಂದೇ ಮಾಡುತ್ತಾರೆ ಎಂಬ ದೂರು ಸುಳ್ಳಲ್ಲ. 1924ರಲ್ಲಿ ಯೂರೋಪು ಅಮೆರಿಕಗಳ ಬಲ್ಬ್ ತಯಾರಕರು ಜಿನೀವಾದಲ್ಲಿ ಫೀಬಸ್ ಎಂಬ ಕೂಟ ಕಟ್ಟಿ, ಬಲ್ಬಿನ ಆಯುಸ್ಸನ್ನು 1000 ಗಂಟೆಗೆ ಇಳಿಸಲು ಒಪ್ಪಿ, ಹೆಚ್ಚು ಉರಿಯುವ ಬಲ್ಬ್ ಮಾಡಿದ ಸದಸ್ಯರಿಗೆ ದಂಡ ಹಾಕಿದ್ದು ದಾಖಲಾದ ಸಂಗತಿ. ಆದರೆ ನಮ್ಮ ಮನೆಗಳಲ್ಲಿ ಎಲ್ಲ ಪಾಪವನ್ನೂ ಕಂಪನಿಗಳ ಮೇಲೆ ಹೊರಿಸಲಾಗದು. ಕಚೇರಿಯಲ್ಲಿ ಸಾಮಾನನ್ನು ವಿಲೇವಾರಿ ಮಾಡಬೇಕಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅದು ಹೆಚ್ಚುವರಿಯೋ, ಹಳೆಯ ಪದ್ಧತಿಯದೋ, ಕೆಲಸಕ್ಕೆ ಬಾರದ್ದೋ ಎಂದು ಬರೆದಿಡಬೇಕು. ಮನೆಯಲ್ಲಿ ನಾವು ಎಸೆಯುವುದರಲ್ಲಿ ಮೂರನೆಯ ಕಲಮಿಗೆ ಬೀಳುವುದು ಎಷ್ಟು? ಹಿಡಿ ಸಡಿಲವಾದ ಕುಕ್ಕರು, ರಬ್ಬರಿನ ಗ್ಯಾಸ್ಕೆಟ್ ಹಿಗ್ಗಿದ ಕುಕ್ಕರು, ಇವೆಲ್ಲ ಎರಡು ಸ್ಕ್ರೂ, ಒಂದು ಬಳೆಯಷ್ಟು ರಬ್ಬರಿನ ಕೆಲಸ. 'ಪಾತ ಸಾಮಾನ್ಲು ಕೊಂಟಾಂ' ಎಂದು ಗಾಡಿಯ ಧ್ವನಿವರ್ಧಕ ಕೂಗಿದ ತಕ್ಷಣ ಕೊಟ್ಟುಬಿಡುತ್ತೇವೆ. ಒನ್ ಟೌನಿನ ಅಂಗಡಿಗಳಲ್ಲಿ ಬಿಡಿಭಾಗಗಳು ಹಗ್ಗಕ್ಕೆ ಕಟ್ಟಿ ತೂಗುಬಿದ್ದಿರುತ್ತವೆ. ಹೊಸ ಬಡಾವಣೆಗಳ ದೊಡ್ಡ ಮಳಿಗೆಗಳಲ್ಲಿ ಕುಕ್ಕರುಗಳ ಸಾಲು ಕಂಡಿದ್ದೇವೆ, ಗ್ಯಾಸ್ಕೆಟ್ ಕೇಳಿದರೆ ಹುಡುಗರು ಮುಖ ನೋಡುತ್ತಾರೆ.

ಬಾಳಿಕೆಯೇ ದೋಷವಾಗುವ ಒಂದು ಉದಾಹರಣೆಯೂ ಇದೆ: ಒರಳುಕಲ್ಲು. ಅದರ ಆಯುಸ್ಸಿಗೆ ಮಿತಿಯಿಲ್ಲ. ಆದರೆ ಅದನ್ನು ಹೊತ್ತು ತಂದವರಾರು, ಹೊತ್ತು ಹೋದವರಾರು! ಕ್ವಾರ್ಟರ್ಸಿನ ಹಿತ್ತಲುಗಳಲ್ಲಿ ಒಬ್ಬರು ಬಿಟ್ಟುಹೋದದ್ದರಲ್ಲಿ ಇನ್ನೊಬ್ಬರು ತುಳಸಿ ನೆಟ್ಟಿರುತ್ತಾರೆ. ಗುಣದಲ್ಲಿ ಅದಕ್ಕೆ ಪೂರ್ಣಾಂಕ, ನಮ್ಮ ಪ್ರಯೋಜನಕ್ಕೆ ಸೊನ್ನೆ. ಅದೇ ಕುಲದ ಚಿಕ್ಕ ಕುಟ್ಟಾಣಿಯನ್ನು ಮಾತ್ರ ಯಾರೂ ಬಿಟ್ಟುಹೋಗಬಾರದು. ಏಲಕ್ಕಿ, ಮೆಣಸು, ಶುಂಠಿ, ಮಗುವಿನ ಔಷಧ, ಎಲ್ಲಕ್ಕೂ ಆಗುತ್ತದೆ.

ಕಾಫಿ ಫಿಲ್ಟರಿಗೆ ಬರೋಣ. ಅದರಲ್ಲಿ ಅಲುಗಾಡುವ ಭಾಗವಿಲ್ಲ, ವಿದ್ಯುತ್ತು ಬೇಡ, ಕಾಗದ ಬೇಡ, ಕೆಳಗಿಳಿಸುವ ಕೆಲಸ ಭೂಮಿಯ ಆಕರ್ಷಣೆಯದು. ಸ್ಟೀಲಿನದಾದರೆ ಕಲಾಯಿಯ ಗೊಡವೆಯೂ ಇಲ್ಲ. ಒಂದೇ ಆಕ್ಷೇಪಣೆ: ತೂತುಗಳಲ್ಲಿ ಕಾಫಿಯೆಣ್ಣೆ ಗಟ್ಟಿಯಾಗಿ ಡಿಕಾಕ್ಷನ್ ಇಳಿಯುವುದು ನಿಧಾನವಾಗುತ್ತದೆ. ಸೂಜಿಯಿಂದ ಚುಚ್ಚಿ ದೊಡ್ಡದು ಮಾಡಬೇಡಿ, ಪುಡಿ ಇಳಿಯುತ್ತದೆ. ಮೇಲಿನ ಪಾತ್ರೆಯೊಂದನ್ನೇ ಅಡಿಗೆಸೋಡ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬೆಳಕಿಗೆ ಹಿಡಿದು ನೋಡಿ. ತೂತುಗಳೆಲ್ಲ ಕಾಣಿಸದಿದ್ದರೆ ಇನ್ನೊಂದು ಸಲ ಕುದಿಸಿ.