ಟ್ರೈಲೊಬೈಟ್ ಹುಡುಕಿ ಹೊರಟವರು

ಡೈನೋಸಾರ್ ಎಂದೊಡನೆ ನಮ್ಮ ಮಕ್ಕಳಿಗೆ 1993ರ 'ಜುರಾಸಿಕ್ ಪಾರ್ಕ್' ನೆನಪಾಗುತ್ತದೆ. ನನಗೆ ಅದಕ್ಕಿಂತ ಹಿಡಿಸಿದ್ದು ಚೆಕ್ ನಿರ್ದೇಶಕ ಕಾರೆಲ್ ಜೆಮಾನ್ 1955ರಲ್ಲಿ ತೆರೆಗೆ ತಂದ 'ಪುರಾತನ ಕಾಲಕ್ಕೆ ಪಯಣ'. ನಾಲ್ವರು ಹುಡುಗರು ದೋಣಿ ಹತ್ತಿ, ಹಿಮಯುಗ ದಾಟಿ, ಸಿಲೂರಿಯನ್ ಕಡಲಿನವರೆಗೆ ಹೋಗುತ್ತಾರೆ. ಕಿರಿಯ ಯಿರ್ಕನಿಗೆ, ಕಲ್ಲಾಗಿ ಸಿಕ್ಕ ಟ್ರೈಲೊಬೈಟನ್ನು ಜೀವಂತ ನೋಡುವಾಸೆ.

ಕಂಪ್ಯೂಟರ್ ಇಲ್ಲದ ಕಾಲ. ಬೊಂಬೆಗಳನ್ನು ಚೂರುಚೂರೇ ಸರಿಸಿ ಒಂದೊಂದೇ ಚಿತ್ರ ಹಿಡಿದಿದ್ದಾರೆ. ಜ್ಡೆನೆಕ್ ಬುರಿಯನ್ ಅವರ ವರ್ಣಚಿತ್ರಗಳೇ ಮಾದರಿ. ಅಂದಿನ ತಿಳಿವಳಿಕೆಯ ಆ ಪ್ರಾಣಿಗಳನ್ನು ಇಂದಿನ ವಿಜ್ಞಾನಿಗಳು ಪೂರ್ತಿ ಒಪ್ಪಲಿಕ್ಕಿಲ್ಲ, ಇರಲಿ. ಕಾದಾಡಿ ಸತ್ತ ಸ್ಟೆಗೊಸಾರಸ್ ಬಳಿಗೆ ಹುಡುಗರು ಹೋಗುತ್ತಾರೆ; ಮುಟ್ಟುತ್ತಾರೆ, ಅಳೆಯುತ್ತಾರೆ. ಕಿರುಚಾಟವಿಲ್ಲ, ರಕ್ತದ ಆರ್ಭಟವಿಲ್ಲ. ಸಾವೆಂದರೆ ಮಕ್ಕಳ ಕಣ್ಣು ಮುಚ್ಚುವ ನಾವು ಈ ದೃಶ್ಯವನ್ನು ಅವರ ಜೊತೆಗೇ ಕೂತು ನೋಡಬೇಕು.

ನನ್ನದೊಂದು ತಕರಾರಿದೆ. ಆ ದೋಣಿಯಲ್ಲಿ ಒಬ್ಬ ಹುಡುಗಿಗೂ ಜಾಗವಿಲ್ಲ! ಯಿರ್ಕನಷ್ಟೇ ಪ್ರಶ್ನೆ ಕೇಳುವ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿಲ್ಲವೇ? "ಸಾಕು, ಒಳಗೆ ಬಾ" ಎಂದು ನಾವೇ ಅವರನ್ನು ದಡದಲ್ಲಿ ನಿಲ್ಲಿಸುತ್ತೇವೆ. ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲದಂಡೆಯಲ್ಲಿ ಬಡಗಿಯ ಮಗಳು ಮೇರಿ ಆ್ಯನಿಂಗ್ ಪ್ಲೀಸಿಯೊಸಾರಿನ ಇಡೀ ಅಸ್ಥಿಪಂಜರ ಹುಡುಕಿ ತೆಗೆದದ್ದು 1823ರಲ್ಲಿ. ಜೆಮಾನ್ ಆಗಿನ್ನೂ ಹುಟ್ಟಿಯೇ ಇರಲಿಲ್ಲ.